ಅಗಸ್ತ್ಯನ ಎಡಗಡೆಯ ಜೇನುಗೂಡು

ಆಕಾಶ ನೋಡುವುದಕ್ಕೆ ನೂಕುನುಗ್ಗಲೇಕೆ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಮಾರ್ಚ್ ತಿಂಗಳಲ್ಲಿ ನಮ್ಮ ಬಾಳೂರಿನ ಕಡೆಗೆ ಬಂದವನಲ್ಲ. ಬಂದಿದ್ದರೆ ನೂಕುನುಗ್ಗಲು ಏನೆಂದು ತಿಳಿಯುತ್ತಿತ್ತು. ಆ ತಿಂಗಳು ಇಲ್ಲಿ ನೆಲ ನೋಡಿ ನಡೆಯುವವರೇ ಇಲ್ಲ. ಬಸ್ಸಿಗೆ ಕಾಯುವವರು ರಸ್ತೆಯ ತಿರುವು ನೋಡುವುದು ಬಿಟ್ಟು ಮೇಲೆ ನೋಡುತ್ತಾರೆ. ಮದುವೆ ಮನೆಯಲ್ಲಿ ಅಕ್ಷತೆ ಹಾಕಿದ ಕೈಯನ್ನೇ ಹಣೆಗೆ ಅಡ್ಡ ಹಿಡಿದು ಬಿಸಿಲಿನಲ್ಲಿ ಮೋಡ ಹುಡುಕುತ್ತಾರೆ. ಕಾಫಿ ಗಿಡದಲ್ಲಿ ಮೊಗ್ಗು ಕೂತಿರುತ್ತದೆ. ಅದು ಅರಳುವುದಕ್ಕೆ ಒಂದು ಮಳೆ ಬೇಕು. ಅರಳಿದ ಹೂವು ಕಾಯಿ ಕಚ್ಚಿ ನಿಲ್ಲುವುದಕ್ಕೆ ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು. ಮೊದಲನೆಯದು ಹೂಮಳೆ, ಎರಡನೆಯದನ್ನು ನಮ್ಮವರು ಬ್ಯಾಕಿಂಗ್ ಎನ್ನುತ್ತಾರೆ. ಮೊದಲನೆಯದು ಬಂದು ಎರಡನೆಯದು ಕೈಕೊಟ್ಟರೆ, ಹೂವು ಕಂಡು ಹಿಗ್ಗಿದವರೇ ಗಿಡದ ಬುಡದಲ್ಲಿ ಉದುರಿ ಬಿದ್ದ ಕರಿ ಎಳೆಗಾಯಿಗಳನ್ನು ನೋಡಿ ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ಹೀಗೆ ಊರಿಗೆ ಊರೇ ಮೋಡ ಬರಲಿ ಎಂದು ನೋಡುತ್ತಿದ್ದ ಆಕಾಶವನ್ನು, ದೇವರೇ ಮೋಡ ಬಾರದಿರಲಿ ಎಂದು ನೋಡುವ ಹೆಂಗಸೊಬ್ಬಳಿದ್ದಳು. ಆ ಮಹಾತಾಯಿ ನಾನೇ.

ಇದಕ್ಕೆಲ್ಲ ಮೂಲ ಒಂದು ಬೈನಾಕ್ಯುಲರ್. ಅದು ನಮ್ಮ ಮನೆಗೆ ಬಂದದ್ದು ಮಂಗಗಳಿಗಾಗಿ. ತೊಂಬತ್ತರ ದಶಕದ ಕೊನೆಯ ವರ್ಷಗಳು; ಟೆಲಿಫೋನ್ ತಂತಿ ನಮ್ಮ ಮನೆಯವರೆಗೆ ಬಂದಿತ್ತು, ಮೊಬೈಲ್ ಇನ್ನೂ ಗುಡ್ಡ ಹತ್ತಿರಲಿಲ್ಲ. ತೋಟದ ಮೇಲಿನ ಮೂಲೆಯ ಕಿತ್ತಳೆ ಮರಗಳಿಗೆ ಮಂಗ ಬೀಳುತ್ತವೆ, ಅಂಗಳದಲ್ಲಿ ನಿಂತೇ ಕಂಡುಹಿಡಿಯಬಹುದು ಎಂದು ನಮ್ಮನೆಯವರು ಚಿಕ್ಕಮಗಳೂರಿನಿಂದ ತಂದರು. ಅವರು ಅದನ್ನು ಕಣ್ಣಿಗೆ ಹಿಡಿದು ಮೇಲಿನ ಮೂಲೆ ನೋಡುತ್ತಿದ್ದಾಗ ಮಂಗಗಳು ಅಡುಗೆಮನೆಯ ಹಿಂದೆ ಬಾಳೆಗೊನೆ ಮುಗಿಸುತ್ತಿದ್ದವು. ಎರಡು ಸಲ ಹೀಗಾದ ಮೇಲೆ ಬೈನಾಕ್ಯುಲರ್ ಗೋಡೆಯ ಮೊಳೆಗೆ ಹೋಯಿತು. ಮೊಳೆಯಿಂದ ನನ್ನ ಕುತ್ತಿಗೆಗೆ ಬಂತು.

ನನಗೆ ನಕ್ಷತ್ರದ ಹುಚ್ಚು ಹತ್ತಿದ್ದು ತವರಿನಲ್ಲಿ, ವಸ್ತಾರೆಯಲ್ಲಿ. ಹುಚ್ಚು ಎಂದು ನಾನು ಹೇಳುತ್ತಿಲ್ಲ, ನನ್ನ ಅತ್ತೆ ಹೇಳುತ್ತಿದ್ದರು. ಅಜ್ಜಿ ಕೃತ್ತಿಕೆ ತೋರಿಸಿದ್ದರು, ಮೃಗಶಿರ ತೋರಿಸಿದ್ದರು. ಮದುವೆಯಾದ ದಿನ ಪುರೋಹಿತರು ಹಗಲು ಹನ್ನೊಂದು ಗಂಟೆಗೆ ಅರುಂಧತಿ ತೋರಿಸಿದ್ದರು. ಕಾಣಿಸಿತಾ ಎಂದು ಕೇಳಿದಾಗ ಇಲ್ಲ ಎಂದುಬಿಟ್ಟೆ. ಮಂಟಪದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಮ್ಮನೆಯವರು ಮಾತ್ರ ನನ್ನ ಕಿವಿಯ ಹತ್ತಿರ, "ನನಗೂ ಕಾಣಿಸ್ಲಿಲ್ಲ, ಹೂಂ ಅಂದೆ" ಎಂದರು. ಸಂಸಾರ ನಡೆದುಕೊಂಡು ಹೋಗುವುದು ಹೇಗೆಂದು ಅವರಿಗೆ ಮೊದಲಿನಿಂದಲೂ ನನಗಿಂತ ಚೆನ್ನಾಗಿ ಗೊತ್ತು.

ಪೇಪರಿನ ಭಾನುವಾರದ ಪುರವಣಿಯಲ್ಲಿ ಒಮ್ಮೆ ಆಕಾಶದ ನಕ್ಷೆ ಬಂದಿತ್ತು. ಅದನ್ನು ಕತ್ತರಿಸಿ ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟುಕೊಂಡಿದ್ದೆ. ಆ ನಕ್ಷೆಯ ತೀರಾ ಕೆಳಗೆ, ದಕ್ಷಿಣದ ಅಂಚಿನಲ್ಲಿ, ಅಗಸ್ತ್ಯ ನಕ್ಷತ್ರದ ಎಡಕ್ಕೆ ಸ್ವಲ್ಪ ತಗ್ಗಿನಲ್ಲಿ ಚುಕ್ಕಿಗಳ ಒಂದು ಪುಟ್ಟ ವೃತ್ತವಿತ್ತು. ತಾರಾಗುಚ್ಛ. ಅಂದರೆ ಒಂದೇ ಬಸಿರಿನಲ್ಲಿ ಒಟ್ಟಿಗೆ ಹುಟ್ಟಿದ ನಕ್ಷತ್ರಗಳು. ಕಾಲ ಕಳೆದ ಹಾಗೆ ಹಿಡಿತ ಸಡಿಲವಾಗಿ ಒಂದೊಂದು ಒಂದೊಂದು ದಿಕ್ಕು ಹಿಡಿಯುವಂಥವು. ನಮ್ಮ ಕೃತ್ತಿಕೆಯೂ ಇದೇ ಜಾತಿ. ಆದರೆ ಕೃತ್ತಿಕೆಗೆ ಷಣ್ಮುಖನಿಗೆ ಹಾಲು ಕೊಟ್ಟ ತಾಯಂದಿರ ಪಟ್ಟ ಸಿಕ್ಕಿತು, ಪಂಚಾಂಗದಲ್ಲಿ ಜಾಗ ಸಿಕ್ಕಿತು. ಇದಕ್ಕೆ ಸಿಕ್ಕಿದ್ದು ಒಂದು ನಂಬರ್ ಮಾತ್ರ. ಭೂಮಿಯ ತೆಂಕಣ ಅರ್ಧದಲ್ಲಿರುವ ವಿದೇಶಿಗಳು ಪ್ರೀತಿಯಿಂದ ತೆಂಕಣದ ಜೇನುಗೂಡು ಎನ್ನುತ್ತಾರಂತೆ. ಕತ್ತಲಿದ್ದರೆ ಬರಿಗಣ್ಣಿಗೆ ಮಸುಕು ಮಚ್ಚೆ, ಬೈನಾಕ್ಯುಲರಿನಲ್ಲಿ ನಕ್ಷತ್ರಗಳ ಹಿಂಡು. ದೆಹಲಿಯಲ್ಲಿ ಕೂತವರಿಗೆ ಕಾಣುವುದೇ ಇಲ್ಲ ಎಂದು ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ದೆಹಲಿಯವರಿಗಿಲ್ಲದ್ದು ಬಾಳೂರಿನವರಿಗೆ ಇರುವುದು ದಿನಾ ಆಗುವ ವಿಷಯವೇ?

ಆದರೆ ಕಾಣುವುದು ಸುಲಭವಿರಲಿಲ್ಲ. ಕಾಫಿ ಒಣಗಿಸುವ ನಮ್ಮ ಸಿಮೆಂಟು ಕಣದ ದಕ್ಷಿಣಕ್ಕೆ ಎರಡು ಗುಡ್ಡ, ಎರಡರ ನಡುವೆ ಒಂದು ತಗ್ಗು. ಅಷ್ಟು ಕೆಳಗಿನ ನಕ್ಷತ್ರ ನನಗೆ ಕಾಣಬೇಕಾದರೆ ಆ ತಗ್ಗಿನೊಳಗೆ ಬಂದಾಗಲೇ ಕಾಣಬೇಕು. ಅದು ಸಂಜೆ ಊಟ ಬಡಿಸುವ ಹೊತ್ತಿಗೆ ಅಲ್ಲಿಗೆ ಬರುವುದು ಮಾರ್ಚ್ ಮಧ್ಯದಿಂದ ಏಪ್ರಿಲ್ ಮೊದಲ ವಾರದವರೆಗೆ ಮಾತ್ರ. ಆಮೇಲೆ ದಿನಕ್ಕಿಷ್ಟಿಷ್ಟು ಬೇಗ ಬೇಗ ಬಂದು ಸಂಜೆಯ ಬೆಳಕಿನಲ್ಲೇ ಕರಗಿ ಹೋಗುತ್ತದೆ. ಅಂದರೆ ನನ್ನ ಜೇನುಗೂಡಿಗೂ ಊರಿನ ಹೂಮಳೆಗೂ ಒಂದೇ ತಿಂಗಳು. ಸಾಲದ್ದಕ್ಕೆ ನಮ್ಮಲ್ಲಿ ಬೇಸಿಗೆಯ ಮೋಡ ಏಳುವುದೂ ಅದೇ ದಿಕ್ಕಿನಲ್ಲಿ. ಹಿಂದಿನ ಎರಡು ವರ್ಷ ಒಮ್ಮೆ ಮೋಡ, ಒಮ್ಮೆ ಕಾಡಿಗೆ ಬಿದ್ದ ಬೆಂಕಿಯ ಹೊಗೆ, ಆಕಾಶ ತಿಳಿಯಾಗಿದ್ದ ಒಂದೇ ಒಂದು ಸಂಜೆ ನೆಂಟರು. ಹೀಗೆ ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ.

ಕಣದಲ್ಲಿ ನಿಂತು ದಿನಾ ದಕ್ಷಿಣಕ್ಕೆ ಬೈನಾಕ್ಯುಲರ್ ಹಿಡಿಯುವ ಹೆಂಗಸನ್ನು ಊರು ಏನೆಂದು ತಿಳಿಯಬೇಕು? ಹುಚ್ಚಿ ಎಂದು ತಿಳಿದಿದ್ದರೆ ಕ್ಷೇಮವಿತ್ತು. ಊರು ಹಾಗೆ ತಿಳಿಯಲಿಲ್ಲ. ಆ ಅಮ್ಮನಿಗೆ ಮಳೆ ಕಾಣ್ತದೆ ಎಂದು ತೀರ್ಮಾನ ಮಾಡಿತು. ಕಳಸದ ಸಂತೆಗೆ ಹೋದರೆ ತರಕಾರಿಯವಳು ಬದನೆಕಾಯಿ ತೂಗುತ್ತಾ, "ಈ ವಾರ ಉಂಟಾ ಅಮ್ಮ?" ಎಂದು ಕೇಳುವಳು. ನಾನು ನೋಡುವುದು ನಕ್ಷತ್ರ, ಮಳೆಯಲ್ಲ ಎಂದರೆ, ಗುಟ್ಟು ಬಿಡುವುದಿಲ್ಲ ಅಲ್ವಾ ಎಂಬಂತೆ ನಗುವಳು. ನಮ್ಮನೆಯವರಿಗೆ ಇದು ದೊಡ್ಡ ತಮಾಷೆ. ನಮ್ಮ ಕಡೆ ಮಳೆಯನ್ನು ಅಳೆಯುವುದು ಇಂಚು, ಸೆಂಟ್ಸ್ ಲೆಕ್ಕದಲ್ಲಿ; ನೂರು ಸೆಂಟ್ಸಿಗೆ ಒಂದಿಂಚು. ನಾನು ಒಳಗೆ ಬಂದ ಕೂಡಲೇ ಅವರು, "ನಿನ್ನ ನಕ್ಷತ್ರ ಇವತ್ತು ಎಷ್ಟು ಸೆಂಟ್ಸ್ ಬಿತ್ತು?" ಎನ್ನುವರು. ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ತಮಾಷೆ ಮಾಡದವರು ಒಬ್ಬರೇ, ಗಿರಿಜಕ್ಕ.

ನಮ್ಮ ಕಣದ ಕೆಳಗೆ ಒಂದು ತುಂಡು ಗದ್ದೆ, ಗದ್ದೆಯಾಚೆ ಗಿರಿಜಕ್ಕನ ಮನೆ. ಅವರ ಗಂಡ ಕಳಸದಿಂದ ಬಾಳೂರಿಗೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಜೀಪಿನ ವಿಷಯಕ್ಕೆ ಹೆಂಡತಿ ಬರುವ ಹಾಗಿಲ್ಲ, ತೋಟದ ವಿಷಯಕ್ಕೆ ಗಂಡ ಬರುವ ಹಾಗಿಲ್ಲ ಎಂಬ ಒಪ್ಪಂದದ ಮೇಲೆ ಅವರ ಸಂಸಾರ ಸುಖವಾಗಿತ್ತು. ತೋಟ ಎಂದರೆ ಮನೆಯ ಹಿಂದಿನ ಕಲ್ಲು ಇಳಿಜಾರಿನಲ್ಲಿ ಎರಡು ಎಕರೆ ರೊಬಸ್ಟಾ ಕಾಫಿ. ಆ ಕಲ್ಲಿನಲ್ಲಿ ಎಂತ ಬರ್ತದೆ ಎಂದು ಮೈದುನಂದಿರು ನಗುತ್ತಿದ್ದಾಗ ಗಿರಿಜಕ್ಕ ಹಗಲು ಆಳುಗಳ ಜೀಪು ಹತ್ತಿ ಹೋಗಿ ದೊಡ್ಡ ಎಸ್ಟೇಟಿನಲ್ಲಿ ಕೂಲಿ ಮಾಡಿ, ಸಂಜೆ ಬಂದು ಗುಂಡಿ ತೋಡಿ, ಒಂದೊಂದೇ ಗಿಡ ನೆಟ್ಟು, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಉಳಿಸಿಕೊಂಡಿದ್ದರು. ಆ ವರ್ಷ ಮೊದಲ ಸಲ ಗಿಡಗಳಲ್ಲಿ ಬುಡದಿಂದ ತುದಿಯವರೆಗೆ ಮೊಗ್ಗು. "ಇದೊಂದು ಫಸಲು ಕೈಗೆ ಬರ್ಲಿ ಅಮ್ಮ, ಮತ್ತೆ ನಾನು ಆ ಎಸ್ಟೇಟಿನ ಜೀಪು ಹತ್ತೂದಿಲ್ಲ. ಯಾರ ಮೇಸ್ತ್ರಿಯ ಬಾಯೂ ಕೇಳೂದಿಲ್ಲ" ಎನ್ನುತ್ತಿದ್ದರು. ಹೇಳುವಾಗ ಅವರ ದನಿ ಸಣ್ಣಗಾಗುತ್ತಿತ್ತು. ದೊಡ್ಡದಾಗಿ ಹೇಳಿದರೆ ಯಾರಾದರೂ ಕಸಿದುಕೊಂಡಾರು ಎಂಬ ಭಯವಿರಬೇಕು.

ಅವರ ಕಷ್ಟ ಸರಳವಾಗಿತ್ತು. ತೋಟದ ಮೂಲೆಯಲ್ಲೊಂದು ಹೊಂಡ, ಅದರಲ್ಲಿ ಒಂದು ಸಲಕ್ಕೆ ಆಗುವಷ್ಟು ನೀರು. ಆ ನೀರನ್ನು ಸ್ಪ್ರಿಂಕ್ಲರಿನಲ್ಲಿ ಈಗಲೇ ಹಾರಿಸಿ ಹೂವು ಬಿಡಿಸಿದರೆ ಬ್ಯಾಕಿಂಗಿಗೆ ದೇವರೇ ಗತಿ. ಹೂಮಳೆಗೆ ಕಾಯೋಣವೆಂದರೆ ಅದು ಬರದೇ ಹೋದರೆ ಮೊಗ್ಗೇ ಒಣಗುತ್ತದೆ. ಇಂಜಿನ್ ಮತ್ತು ಪೈಪು ನಮ್ಮವು. ನಮ್ಮ ತೋಟಕ್ಕೆ ನೀರು ಹಾರಿಸಿದ ಮೇಲೆ ಆ ವಾರ ಮಾತ್ರ ಖಾಲಿ ಇತ್ತು. ಆಮೇಲೆ ಅದು ನಮ್ಮನೆಯವರ ದಾಯಾದಿಗಳಲ್ಲಿಗೆ ಹೋಗುವುದಿತ್ತು. ಅಂದರೆ ಗಿರಿಜಕ್ಕ ಆ ವಾರದೊಳಗೆ ತೀರ್ಮಾನ ಮಾಡಬೇಕು. ದಿನಾ ಸಂಜೆ ಗದ್ದೆ ಅಂಚಿನಲ್ಲಿ ಬಂದು ನಿಲ್ಲುವರು.

"ಎಂತ ಕಾಣ್ತದೆ ಅಮ್ಮ?"

"ಹೊಗೆ ಕಾಣ್ತದೆ ಗಿರಿಜಕ್ಕ. ನಾನು ನೋಡೋದು ನಕ್ಷತ್ರ. ನಿಮ್ಮಾಣೆ ನನಗೆ ಮಳೆ ಗೊತ್ತಿಲ್ಲ."

"ಹೇಳೂದು ಬೇಡ ಬಿಡಿ. ಹೇಳಿದ್ರೆ ತಪ್ಪಿ ಹೋಗ್ತದೆ ಅಂತ ಇರ್ಬಹುದು."

ಇಂಥವರಿಗೆ ಏನು ಹೇಳುವುದು? ನಾನು ತಲೆ ಚಚ್ಚಿಕೊಂಡು ಒಳಗೆ ಹೋಗುತ್ತಿದ್ದೆ.

ಮಾರ್ಚ್ ಮಧ್ಯದ ಒಂದು ಸಂಜೆ ಗಾಳಿ ಬೀಸಿ ಹೊಗೆ ಚದುರಿತು. ಕರೆಂಟು ಎಂದಿನಂತೆ ಹೋಗಿತ್ತು, ಕತ್ತಲೆ ಗಟ್ಟಿಯಾಗಿತ್ತು. ಸಾರು ಇಳಿಸಿ ಕಣಕ್ಕೆ ಬಂದೆ. ಅಗಸ್ತ್ಯ ಗುಡ್ಡದ ಮೇಲೆ ಬಲಕ್ಕೆ ಧಗಧಗ ಉರಿಯುತ್ತಿದ್ದ. ಅಲ್ಲಿಂದ ಬೈನಾಕ್ಯುಲರನ್ನು ಮೆಲ್ಲಗೆ ಎಡಕ್ಕೆ, ಕೆಳಕ್ಕೆ ಜಾರಿಸಿದೆ. ಏನೂ ಇಲ್ಲ. ಇನ್ನೂ ಸ್ವಲ್ಪ ಜಾರಿಸಿದೆ. ಒಮ್ಮೆಗೇ ಬಂತು ನೋಡಿ! ಯಾರೋ ಒಂದು ಹಿಡಿ ಸಣ್ಣಕ್ಕಿಯನ್ನು ಕರಿ ಕಂಬಳಿಯ ಮೇಲೆ ಚೆಲ್ಲಿದ್ದರು. ನಡುವೆ ಒಂದೆರಡು ಕೆಂಪು ಬೆರೆತ ಕಾಳು. ಎರಡು ವರ್ಷ ಕಾದದ್ದು ತಗ್ಗಿನ ನಟ್ಟ ನಡುವೆ ಕೂತಿತ್ತು. ನನಗೆ ವಯಸ್ಸು ನಲವತ್ತು ದಾಟಿತ್ತು ಎಂಬುದು ಮರೆತೇ ಹೋಯಿತು. ಚಪ್ಪಾಳೆ ಹೊಡೆದೆ, ನಕ್ಕೆ, ಕಣದಲ್ಲಿ ಒಂದು ಸುತ್ತು ಕುಣಿದೆ ಎಂದೇ ಇಟ್ಟುಕೊಳ್ಳಿ. ಗಲಾಟೆಗೆ ನಮ್ಮನೆಯವರು ಹಾವೋ ಚೇಳೋ ಎಂದು ಟಾರ್ಚು ಹಿಡಿದು ಓಡಿ ಬಂದರು. ಟಾರ್ಚಿನ ಬೆಳಕು ನನ್ನ ಮೇಲೆ ಬಿತ್ತು. ಆ ಬೆಳಕಿನಲ್ಲಿ ನನ್ನ ಕುಣಿತ ಗದ್ದೆಯಾಚೆಯವರೆಗೂ ಕಂಡಿರಬೇಕು. ನಾನು ಆ ಕಡೆ ನೋಡಲೇ ಇಲ್ಲ.

ಮರುದಿನ ನಾನು ವಸ್ತಾರೆಗೆ ಹೋದೆ. ತಂಗಿಯ ಮಗಳ ನಾಮಕರಣ. ಹೋದವಳು ಬಂದದ್ದು ವಾರ ಕಳೆದು. ಬಸ್ಸಿಳಿದು ನಮ್ಮ ಗೇಟಿನ ಹತ್ತಿರ ಬರುವಷ್ಟರಲ್ಲಿ ಪರಿಮಳ ಮುಖಕ್ಕೆ ಬಡಿಯಿತು. ಗದ್ದೆಯಾಚೆಯ ಇಳಿಜಾರು ಬೆಳ್ಳಗೆ ಬೆಳ್ಳಗೆ. ಎಲೆ ಕಾಣದ ಹಾಗೆ ಹೂವು. ಅಷ್ಟು ದೂರಕ್ಕೂ ಜೇನುಹುಳಗಳ ಸದ್ದು ಕೇಳುತ್ತಿತ್ತು. ಗಿರಿಜಕ್ಕ ಮುಂದಲೆಗೆ ಒಂದು ರೆಂಬೆಯ ಹೂವು ಸಿಕ್ಕಿಸಿಕೊಂಡು ಗದ್ದೆ ದಾಟಿ ಓಡೋಡಿ ಬಂದರು.

"ನೀವು ಹೋದ ದಿನವೇ ಕೊಟ್ಟೆ ಅಮ್ಮ. ಹೊಂಡ ಪೂರ್ತಿ ಖಾಲಿ. ಒಂದು ಚೆಂಬು ಉಳಿಸ್ಲಿಲ್ಲ."

"ಮತ್ತೆ ಬ್ಯಾಕಿಂಗಿಗೆ?"

"ಎಂತಕ್ಕೆ ಹೆದ್ರಿಕೆ? ನೀವು ಅವತ್ತು ಕುಣಿದದ್ದು ನಾನು ನೋಡ್ಲಿಲ್ವಾ? ಬಾಯಲ್ಲಿ ಹೇಳದಿದ್ರೂ ಕಾಲು ಹೇಳ್ತು."

ಇದು ಈ ಗುಡ್ಡಗಳಲ್ಲಿ ಮಾತ್ರ ಆಗಬಹುದಾದ ಅನಾಹುತ. ಬೇರೆ ಊರಿನಲ್ಲಿ ಆಕಾಶ ನೋಡಿ ಕುಣಿದವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಇಲ್ಲಿ ಮಾರ್ಚ್ ತಿಂಗಳಲ್ಲಿ ಮನುಷ್ಯರು ಆಕಾಶ ನೋಡಿ ಕುಣಿಯುವುದಕ್ಕೆ ಇರುವುದು ಒಂದೇ ಕಾರಣ.

"ಗಿರಿಜಕ್ಕ, ನಾನು ಕುಣಿದದ್ದು ನಕ್ಷತ್ರ ನೋಡಿ. ಸತ್ಯವಾಗ್ಲೂ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ನಿಮ್ಮ! ನಕ್ಷತ್ರ ನೋಡಿ ಯಾರಾದ್ರೂ ಕುಣೀತಾರಾ ಮಾರಾಯ್ರೆ? ಅದು ದಿನಾ ಇರ್ತದಲ್ಲ!"

ದಿನಾ ಇರುತ್ತದೆ, ನಿಜವೇ.

ಅಲ್ಲಿಂದ ಶುರುವಾಯಿತು ನನ್ನ ಸಾಡೇಸಾತಿ. ಹೂವು ಮೂರನೇ ದಿನ ಕಂದಿತು, ಉದುರಿತು, ಅದು ಸಹಜ. ಇನ್ನು ಒಳಗಿನ ಸೂಜಿಮೊನೆಯಂಥ ಕಾಯಿ ಜೀವ ಹಿಡಿದುಕೊಂಡು ಮಳೆಗೆ ಕಾಯುತ್ತದೆ. ಆಕಾಶ ಮಾತ್ರ ನನ್ನ ಹಿಂದಿನ ಎರಡು ವರ್ಷದ ಹರಕೆಯನ್ನೆಲ್ಲ ಬಡ್ಡಿ ಸಮೇತ ತೀರಿಸುವಂತೆ ತಿಳಿಯಾಗಿ ನಿಂತುಬಿಟ್ಟಿತು. ಒಂದು ಚೂರು ಮೋಡವಿಲ್ಲ. ಸಂಜೆ ಕಣಕ್ಕೆ ಬಂದರೆ ಜೇನುಗೂಡು ಬೈನಾಕ್ಯುಲರ್ ಬೇಡ ಎನ್ನುವಷ್ಟು ಸ್ಪಷ್ಟ. ಅಂಥ ಆಕಾಶ ನನ್ನ ಜನ್ಮದಲ್ಲಿ ನೋಡಿರಲಿಲ್ಲ. ನೋಡಿದರೆ ಮೈ ಉರಿಯುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಬೆಕ್ಕಿಗೂ ಪ್ರಾಣಸಂಕಟ. ಊಟ ಸೇರುತ್ತಿರಲಿಲ್ಲ. ಮಧ್ಯಾಹ್ನ ಪಾತ್ರೆ ಬಿದ್ದ ಸದ್ದಾದರೂ ಗುಡುಗು ಎಂದು ಹೊರಗೆ ಓಡುತ್ತಿದ್ದೆ.

ನಮ್ಮ ನೀರು ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ನಮ್ಮನೆಯವರು ನನ್ನನ್ನು ಕೆರೆಯ ಹತ್ತಿರ ಕರೆದುಕೊಂಡು ಹೋದರು. ನಮ್ಮ ತೋಟಕ್ಕೇ ಅರ್ಧ ಮಾತ್ರ ಕೊಟ್ಟು ನಿಲ್ಲಿಸಿದ್ದರು. ತಳದ ಕೆಸರಿನಲ್ಲಿ ಕೊಕ್ಕರೆಗಳು ನಡೆದಾಡುತ್ತಿದ್ದವು. ಉಳಿದ ಮೊಣಕಾಲುದ್ದದ ನೀರಿನಲ್ಲಿ ದನಕರು ಮತ್ತು ಕೂಲಿಯವರ ಲೈನಿನ ಮನೆಗಳು ಮಳೆಗಾಲದವರೆಗೆ ಬದುಕಬೇಕಿತ್ತು. "ಎಲ್ಲಿಂದ ಕೊಡ್ಲಿ ಹೇಳು, ಕೊಡ್ತೇನೆ" ಎಂದರು. ಅವರ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ.

ಮಳೆ ಎಲ್ಲೂ ಬರಲಿಲ್ಲವೆಂದಾದರೆ ಸಮಾಧಾನವಾದರೂ ಇರುತ್ತದೆ. ಬೇಸಿಗೆ ಮಳೆಗೆ ಮಾನ ಮರ್ಯಾದೆ ಇಲ್ಲ. ವಸ್ತಾರೆಯಿಂದ ತಂಗಿ ಫೋನು ಮಾಡಿ, "ಅಕ್ಕ, ನಮ್ಮಲ್ಲಿ ಎಂಬತ್ತು ಸೆಂಟ್ಸ್!" ಎಂದು ಹಿಗ್ಗಿದಳು. ಹೆತ್ತ ತಾಯಿಯ ಹೊಟ್ಟೆಯಲ್ಲಿ ನನ್ನ ಹಿಂದೆ ಹುಟ್ಟಿದವಳು. ಫೋನು ಕುಕ್ಕಿ ಇಟ್ಟೆ. ಕಳಸದಲ್ಲಿ ಬಿತ್ತು. ಇನ್ನೊಂದು ದಿನ ಸೇತುವೆಯವರೆಗೆ ಬಂದು, ಸೇತುವೆಯ ಆ ಕಡೆ ರಸ್ತೆ ಒದ್ದೆ, ಈ ಕಡೆ ಧೂಳು. ಗಿರಿಜಕ್ಕನ ಗಂಡ ಒದ್ದೆ ಜೀಪು ತಂದು ಮನೆಯ ಮುಂದೆ ನಿಲ್ಲಿಸಿದಾಗ ಗಿರಿಜಕ್ಕ ಬಾನೆಟ್ಟಿನ ಮೇಲಿನ ನೀರನ್ನು ಅಂಗೈಯಲ್ಲಿ ಒರೆಸಿ ನೋಡಿಕೊಂಡರಂತೆ.

ಸುಮ್ಮನೆ ಕೂರಲಾರದೆ ನಾನು ಪುರಾಣದ ಮೊರೆ ಹೋದೆ. ಜೇನುಗೂಡಿನ ಪಕ್ಕದ ಮನೆಯವನು ಅಗಸ್ತ್ಯ. ಇವನು ಸಮುದ್ರವನ್ನೇ ಆಪೋಶನ ತೆಗೆದುಕೊಂಡು ಕುಡಿದ ಮುನಿ; ಇವನ ಎದುರಿಗೆ ಗಿರಿಜಕ್ಕನ ಹೊಂಡ ಯಾವ ಲೆಕ್ಕ ಎಂದು ಮೊದಲು ಸಿಟ್ಟು ಬಂತು. ಆದರೆ ಕಾವೇರಿಯನ್ನು ಕಮಂಡಲದಲ್ಲಿ ಈ ಕಡೆ ತಂದವನೂ ಇವನೇ. ಅವನಾಗಿ ಒಂದು ಹನಿ ಚೆಲ್ಲಲಿಲ್ಲ, ಗಣಪತಿ ಕಾಗೆಯಾಗಿ ಬಂದು ಉರುಳಿಸಬೇಕಾಯಿತು. ಅಂದರೆ ನೀರಿನ ವಿಷಯದಲ್ಲಿ ಈ ಮನುಷ್ಯನಿಗೆ ಮೊದಲಿನಿಂದಲೂ ಕೈ ಬಿಗಿ. ವಿಜ್ಞಾನವೂ ನೆಮ್ಮದಿ ಕೊಡಲಿಲ್ಲ. ಆ ಗುಚ್ಛದ ಬೆಳಕು ಅಲ್ಲಿಂದ ಹೊರಟು ಸಾವಿರ ವರ್ಷದ ಮೇಲಾಗಿದೆಯಂತೆ. ನಕ್ಷತ್ರ ಹುಟ್ಟುವುದೂ ಮೋಡದಿಂದಲೇ ಅಂತೆ. ಎಲ್ಲೋ ಆಕಾಶದ ಆಚೆಯ ಮೋಡಕ್ಕೆ ನೂರು ನಕ್ಷತ್ರ ಹೆರುವಷ್ಟು ಪುರುಸೊತ್ತುಂಟು, ನಮ್ಮ ಮೋಡಕ್ಕೆ ಎರಡೆಕರೆ ನೆನೆಸುವಷ್ಟಿಲ್ಲ ಎಂದು ನನ್ನ ಪಾಡಿಗೆ ನಾನು ಬೈದುಕೊಂಡೆ.

ಗಿರಿಜಕ್ಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಅವರು ದಿನಾ ಎಸ್ಟೇಟಿನ ಜೀಪು ಹತ್ತಿ ಕೆಲಸಕ್ಕೆ ಹೋಗಿ, ಸಂಜೆ ಕಣದ ಕಟ್ಟೆಗೆ ಬಂದು ಕೂರುತ್ತಿದ್ದರು. ಮೂರನೇ ವಾರ ಮುಗಿಯುತ್ತ ಬಂತು. ಏಪ್ರಿಲ್ ಮೊದಲ ವಾರದ ಆ ಸಂಜೆ ಅವರು ಸೆರಗಿನ ಗಂಟು ಬಿಚ್ಚಿ ನನಗೆ ತೋರಿಸಿದರು. ಉದುರಿದ ಸಣ್ಣ ಕಾಯಿಗಳು, ಕಪ್ಪಗೆ, ಸಾಸಿವೆಯಷ್ಟು.

"ಇವತ್ತಿಂದ ಬೀಳ್ಲಿಕ್ಕೆ ಶುರುವಾಯ್ತು" ಎಂದರು.

ನಾನು ಅವರ ಪಕ್ಕದಲ್ಲಿ ಕೂತೆ. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ಅವರು ಕಪ್ಪು ಕಾಳುಗಳನ್ನು ಮತ್ತೆ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕತ್ತಲಾಯಿತು. ಅಗಸ್ತ್ಯ ಹೊಳೆಯತೊಡಗಿದ.

"ಕೊಡಿ ಅಮ್ಮ ಆ ಕನ್ನಡಕ. ನೀವು ಎಂತ ನೋಡೂದು ಅಂತ ನಾನೂ ಒಮ್ಮೆ ನೋಡ್ತೇನೆ."

ಬೈನಾಕ್ಯುಲರಿನ ಹಗ್ಗವನ್ನು ಅವರ ಕುತ್ತಿಗೆಗೆ ಹಾಕಿದೆ. ಭುಜ ಹಿಡಿದು ತಿರುಗಿಸಿ, ಅಗಸ್ತ್ಯನಿಂದ ಎಡಕ್ಕೆ, ಇನ್ನೂ ಎಡಕ್ಕೆ, ಈಗ ಕೆಳಗೆ ಎಂದು ದಾರಿ ಹೇಳಿದೆ. ಅವರು ಮೆಲ್ಲಗೆ ಜಾರಿಸುತ್ತ ಹೋಗಿ ಒಂದು ಕಡೆ ನಿಂತರು.

"ಅಬ್ಬಬ್ಬಾ. ಹೂ ಬಿಟ್ಟ ಹಾಗೇ ಉಂಟಲ್ಲ ಅಮ್ಮ, ನಮ್ಮ ಗಿಡದ್ದೇ."

"ಹೂಂ."

"ನೀವು ಅವತ್ತು ನೋಡಿ ಕುಣಿದದ್ದು ಇದನ್ನಾ?"

"ಇದನ್ನೇ ಗಿರಿಜಕ್ಕ."

ಬೈನಾಕ್ಯುಲರ್ ತೆಗೆಯದೆಯೇ ಅವರು ತಲೆಯಾಡಿಸಿದರು. "ಕುಣೀಬಹುದು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇದಕ್ಕೆ ಬ್ಯಾಕಿಂಗ್ ಯಾರು ಕೊಡ್ತಾರೆ?" ಎಂದು ಕೇಳಿದರು.

ಏನೋ ಹೇಳಬೇಕೆಂದು ಬಾಯಿ ತೆರೆದೆ.

"ಒಂದು ಹೋಯ್ತು" ಎಂದರು ಗಿರಿಜಕ್ಕ.

"ಕೈ ಅಲ್ಲಾಡಿರ್ತದೆ. ಮೊಣಕೈ ಎದೆಗೆ ಒತ್ತಿ ಹಿಡೀರಿ."

"ಅಲ್ಲಾಡ್ಲಿಲ್ಲ. ಇನ್ನೊಂದು ಹೋಯ್ತು. ಕೆಳಗಿನದ್ದು ಒಂದೂ ಇಲ್ಲ ಅಮ್ಮ. ಯಾರೋ ಬಳಿದ ಹಾಗೆ ಹೋಗ್ತಾ ಉಂಟು."

ನಕ್ಷತ್ರ ಗುಡ್ಡದ ಹಿಂದೆ ಮುಳುಗುವುದಕ್ಕೆ ಹೊತ್ತು ಬೇಕು, ಇಷ್ಟು ಬೇಗ ಮುಳುಗುವುದಿಲ್ಲ. ನಾನು ಎದ್ದು ನಿಂತೆ. ಬರಿಗಣ್ಣಿಗೆ ತಗ್ಗಿನಲ್ಲಿ ಏನೂ ಕಾಣಿಸಲಿಲ್ಲ. ಏನೂ ಎಂದರೆ ಏನೂ ಇಲ್ಲ. ಮಚ್ಚೆ ಇಲ್ಲ, ಪಕ್ಕದ ಚುಕ್ಕಿಯೂ ಇಲ್ಲ. ಗುಡ್ಡ ಯಾವುದು, ಆಕಾಶ ಯಾವುದು ಎಂಬ ಗೆರೆಯೇ ಅಳಿಸಿ ಹೋಗಿತ್ತು. ಗುಡುಗಿಲ್ಲ, ಗಾಳಿಯಿಲ್ಲ, ಕಳ್ಳನ ಹಾಗೆ ಅದು ಹತ್ತಿ ಬರುತ್ತಿತ್ತು. ಆಗ ಅದರ ಹೊಟ್ಟೆಯೊಳಗೆ ಒಮ್ಮೆ ಮಿಂಚಿತು, ಅಂಚು ಕಾಣಿಸಿತು, ಎರಡು ಗುಡ್ಡದ ಎತ್ತರಕ್ಕೂ ಮೋಡ.

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಮಾತಾಡಿದರೆ ಹೋಗಿಬಿಡುತ್ತದೋ ಎಂದು ಉಸಿರೂ ಬಿಡಲಿಲ್ಲ. ಜಗಲಿಯಿಂದ ನಮ್ಮನೆಯವರು, "ಈಗಲೇ ಹಿಗ್ಗಬೇಡಿ, ಮೊನ್ನೆಯದೂ ಹೀಗೇ ಬಂದು ಕಳಸಕ್ಕೆ ಹೋಯ್ತು" ಎಂದರು. ಒಂದು ಹನಿ ಕಣಕ್ಕೆ ಬಿತ್ತು. ಇನ್ನು ನಾಲ್ಕು ಬಿದ್ದವು. ಬಿಸಿ ಸಿಮೆಂಟಿನ ವಾಸನೆ ಎದ್ದಿತು. ನಿಂತಿತು.

ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಮೋಡ ಬಲಗಡೆಯ ಗುಡ್ಡದ ಮೇಲೆ ಹರಿಯಿತು, ಆ ಕಿಂಡಿಯಲ್ಲಿ ಅಗಸ್ತ್ಯ ಮತ್ತೆ ಹೊರಬಂದ. ನಗುತ್ತಿದ್ದಾನೆ ಅನ್ನಿಸಿತು. ಗಿರಿಜಕ್ಕ ಅವನಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಸಪ್ತ ಋಷಿಗಳಲ್ಲಿ ಯಾರೂ ಅಂಥದ್ದು ಕೇಳಿರಲಾರರು. ಎರಡು ವರ್ಷ ತಿಳಿ ಆಕಾಶಕ್ಕೆ ಹರಕೆ ಹೊತ್ತ ನಾನು, "ಮುಚ್ಚೋ, ಮುಚ್ಚೋ ಅದನ್ನ!" ಎಂದು ಮೋಡಕ್ಕೆ ಕೂಗಿದೆ. ಕೂಗಿದ್ದಕ್ಕೆ ಎಂದು ನಾನು ಹೇಳುವುದಿಲ್ಲ. ಗಾಳಿ ತಿರುಗಿತು. ಕಿಂಡಿ ಮುಚ್ಚಿತು. ಆಮೇಲೆ ಗದ್ದೆಯ ಕೆಳಗಿನಿಂದ, ಮರದಿಂದ ಮರಕ್ಕೆ, ಆ ಸದ್ದು ನಡೆದುಕೊಂಡು ಬಂತು.

ಓಡಿ ಜಗಲಿ ಹತ್ತಿದವಳು ನಾನು. ಗಿರಿಜಕ್ಕ ಹತ್ತಲಿಲ್ಲ. ಬೈನಾಕ್ಯುಲರನ್ನು ಸೆರಗಿನಡಿ ಮುಚ್ಚಿ ತಂದು ಕೆಳಗಿನಿಂದಲೇ ನನ್ನ ಕೈಗೆ ಕೊಟ್ಟು, ಕಣದ ನಡುವೆ ಹೋಗಿ ಮುಖ ಮೇಲೆ ಮಾಡಿ ನಿಂತರು. ಈಗ ಅವರು ಅಳುತ್ತಿದ್ದರೋ ಏನೋ, ಆ ನೀರಿನಲ್ಲಿ ಗೊತ್ತಾಗಲಿಲ್ಲ. ನನಗಂತೂ ನಾಚಿಕೆಯಾಗದಷ್ಟು ಅಳು ಬಂತು. ನಮ್ಮನೆಯವರು ಮಳೆ ಅಳೆಯುವುದನ್ನೂ ಮರೆತು ಕಂಬ ಹಿಡಿದು ನಿಂತಿದ್ದರು. ಗದ್ದೆಯಾಚೆ ಗಿರಿಜಕ್ಕನ ಗಂಡ ಗ್ಯಾಸ್‌ಲೈಟ್ ಹಿಡಿದು "ಗಿರಿಜಾ, ಗಿರಿಜಾ" ಎಂದು ಕರೆಯುತ್ತಿದ್ದದ್ದು ಎಷ್ಟೋ ಹೊತ್ತಿನ ಮೇಲೆ ನಮಗೆ ಕೇಳಿಸಿತು.

ಆ ವಾರವಿಡೀ ಸಂಜೆ ಮೋಡ. ಮೋಡ ಹೋಗುವಷ್ಟರಲ್ಲಿ ಜೇನುಗೂಡು ಮುಸ್ಸಂಜೆಯ ಬೆಳಕಿನೊಳಗೆ ಹೋಗಿಬಿಟ್ಟಿತ್ತು, ಇನ್ನು ಮುಂದಿನ ಮಾರ್ಚಿಗೇ. ನನಗೆ ಬೇಸರವಾಗಲಿಲ್ಲ. ಸಾವಿರ ವರ್ಷಕ್ಕೂ ಮಿಕ್ಕಿ ದಾರಿ ಸವೆಸಿದ ಬೆಳಕಿಗೆ ಇನ್ನೊಂದು ವರ್ಷ ದೊಡ್ಡದಲ್ಲ. ಕಾಯುವ ಶಕ್ತಿ ಇದ್ದವರು ಕಾಯಲಿ, ಇಲ್ಲದವರಿಗೆ ಮೊದಲು ಬರಲಿ ಎಂಬ ನ್ಯಾಯವನ್ನು ಪ್ರಪಂಚ ದಿನಾ ನಡೆಸಿಕೊಡುವುದಿಲ್ಲ. ಒಂದು ಸಂಜೆ ನಡೆಸಿಕೊಟ್ಟಿತು.

ಮಳೆ ಬಂದ ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಣಕ್ಕೆ ಬಂದೆ. ಎಸ್ಟೇಟಿನ ಜೀಪು ಕೆಳಗಿನ ರಸ್ತೆಯಲ್ಲಿ ಎಂದಿನಂತೆ ನಿಂತು ಹಾರ್ನ್ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಇಳಿಜಾರಿನ ಮೇಲೆ, ಗಿಡಗಳ ನಡುವಿನಿಂದ ಗಿರಿಜಕ್ಕನ ತಲೆಯ ಬಟ್ಟೆ ಎದ್ದಿತು.

"ನೀವು ಹೋಗಿ! ನಾನು ಬರೂದಿಲ್ಲ! ನಮ್ಮ ತೋಟದಲ್ಲಿ ಕೆಲ್ಸ ಉಂಟು!"

ಡ್ರೈವರಿಗೆ ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲವೋ ಏನೋ, ಅವನು ಮತ್ತೆ ಹಾರ್ನ್ ಒತ್ತಿದ. ಗಿರಿಜಕ್ಕನಿಗೆ ಅದರಿಂದ ಸಂತೋಷವೇ ಆಯಿತು ಎಂದು ಕಾಣುತ್ತದೆ. ಸೊಂಟಕ್ಕೆ ಕೈ ಇಟ್ಟುಕೊಂಡು, ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದರು.